ಕೊನೆಯ ಮೂರು ಕಂತು

ಸೋಮವಾರ ಮಧ್ಯಾಹ್ನ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳ ಊಟದ ಗದ್ದಲವೆಲ್ಲ ಮುಗಿದು, ಲಿನೆಟ್ ದೊಡ್ಡ ಪಾತ್ರೆಗಳನ್ನು ತೊಳೆದು ಬೋರಲು ಹಾಕುತ್ತಿದ್ದಾಗ ಏಪ್ರನ್ನಿನ ಜೇಬಿನಲ್ಲಿದ್ದ ಫೋನು ಸದ್ದು ಮಾಡಿತು. ಸಾಲ ತೀರಿಸಲು ದಾರಿ ಮಾಡಿಕೊಡುವ ಸಲಹಾ ಸಂಸ್ಥೆಯ ನಂಬರು. ಆರು ವರ್ಷದಿಂದ ಆ ನಂಬರು ಕಂಡರೆ ಸಾಕು, ತಪ್ಪು ಮಾಡಿರಲಿ ಬಿಡಲಿ, ಅವಳು ಮನಸ್ಸಿನಲ್ಲೇ ಕಂತಿನ ತಾರೀಕು ಎಣಿಸತೊಡಗುತ್ತಿದ್ದಳು.

"ಹೋದ ತಿಂಗಳ ಕಂತು ಕಟ್ಟಿದೀನಲ್ಲ?" ಎಂದಳು, ನಮಸ್ಕಾರ ಕೂಡ ಹೇಳದೆ.

"ಕಟ್ಟಿದೀರ ಮೇಡಂ, ಗಾಬರಿ ಬೇಡಿ," ಎಂದಳು ಆ ಕಡೆಯ ಹುಡುಗಿ, ನಗುತ್ತ. "ಒಳ್ಳೆ ಸುದ್ದಿ ಹೇಳೋಣ ಅಂತಲೇ ಮಾಡಿದ್ದು. ನಿಮ್ಮದು ಇನ್ನು ಮೂರೇ ಕಂತು ಉಳಿದಿರೋದು, ಗೊತ್ತಲ್ಲ?"

ಗೊತ್ತಿಲ್ಲದೆ ಏನು. ಐದು ಕಡೆ ಇದ್ದ ಸಾಲದಲ್ಲಿ ನಾಲ್ಕು ತೀರಿದ್ದವು. ಉಳಿದದ್ದು ಒಂದು ಕಾರ್ಡಿನ ಬಾಕಿ. ಆ ಕಾರ್ಡಿನವರು ಈಗ ತಾವಾಗಿಯೇ ಒಂದು ಮಾತು ಮುಂದಿಟ್ಟಿದ್ದಾರೆ ಎಂದು ಹುಡುಗಿ ವಿವರಿಸಿದಳು. ಉಳಿದಿರುವುದರಲ್ಲಿ ಅರ್ಧವನ್ನು ಒಂದೇ ಸಲಕ್ಕೆ ಕಟ್ಟಿಬಿಟ್ಟರೆ ಮಿಕ್ಕದ್ದನ್ನು ಬಿಟ್ಟುಬಿಡುತ್ತಾರೆ. ಖಾತೆ ಬಂದ್. ಆದರೆ ಎರಡು ವಿಷಯ. ಒಂದು, ದಾಖಲೆಯಲ್ಲಿ 'ಪೂರ್ತಿ ತೀರಿದೆ' ಎನ್ನುವ ಬದಲು 'ಭಾಗಶಃ ತೀರಿದೆ' ಎಂದು ಕೆಲವು ವರ್ಷ ಉಳಿಯುತ್ತದೆ. ಇನ್ನೊಂದು, ಆ ಕಾರ್ಡು ರಸೆಲ್ ಅವರ ಹೆಸರಿನದು. ಅವರೇ ಫೋನಿನಲ್ಲಿ ಒಪ್ಪಿಗೆ ಹೇಳಬೇಕು. ಶುಕ್ರವಾರ ಸಂಜೆ ಐದರೊಳಗೆ.

"ನಮ್ಮಲ್ಲಿರೋದು ನಿಮ್ಮ ನಂಬರ್ ಒಂದೇ ಮೇಡಂ. ಅವರಿಗೆ ನೀವೇ ತಿಳಿಸ್ತೀರಾ?"

"ತಿಳಿಸ್ತೀನಿ," ಎಂದಳು ಲಿನೆಟ್.

ಫೋನು ಜೇಬಿಗೆ ಹಾಕಿ ನಿಂತಳು. ಕುಣಿದಾಡಬೇಕಾದ ಸುದ್ದಿ. ಈ ದಿನವನ್ನು ನೆನೆಸಿಕೊಂಡೇ ಅವಳು ಆರು ವರ್ಷ ಸಂಜೆ ಹೊತ್ತು ಅಂಗಡಿಗೆ ಹೋಗಿ, ಹಳದಿ ಚೀಟಿ ಅಂಟಿಸಿ ಬೆಲೆ ಇಳಿಸಿದ ಬ್ರೆಡ್ಡು ಹುಡುಕಿದ್ದಳು. ಹಳೆಯ ಕೋಟಿನ ಒಳಬಟ್ಟೆ ಎರಡು ಸಲ ಬದಲಾಯಿಸಿದ್ದಳು. ಈಗ ನೋಡಿದರೆ ಕುಣಿಯುವ ಮನಸ್ಸೇ ಬರಲಿಲ್ಲ. ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ಆಗಲೇ ಒರೆಸಿದ್ದ ಮೇಜನ್ನು ಮತ್ತೊಂದು ಸಲ ಒರೆಸಿದಳು.

ರಸೆಲ್ ಅವಳ ಗಂಡನಾಗಿದ್ದವನು. ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೆ ಬೇರೆಯಾದವರು. ಮಕ್ಕಳಿರಲಿಲ್ಲ. ಅವನು ಕುಡುಕನಲ್ಲ, ಹೊಡೆಯುವವನಲ್ಲ, ಆಸೆಬುರುಕನೂ ಅಲ್ಲ. ಕನಸು ಕಾಣುವುದೊಂದು ಕಾಯಿಲೆ. ಗೋದಾಮಿನ ಕೆಲಸ ಹೋದಾಗ ಬಂದ ಪರಿಹಾರದ ಹಣಕ್ಕೆ ಒಂದು ಹಳೆಯ ಐಸ್‌ಕ್ರೀಂ ವ್ಯಾನು ಕೊಂಡ. ಇಂಗ್ಲೆಂಡಿನಲ್ಲಿ ತಮ್ಮ ಮೋರ್‌ಕಂಬ್‌ನಂಥ ಕಡಲತಡಿಯ ಊರಿನಲ್ಲಿ ಐಸ್‌ಕ್ರೀಂ ಮಾರಿ ಯಾರಾದರೂ ಕೆಟ್ಟಿದ್ದುಂಟೇ ಎನ್ನುವುದು ಅವನ ಲೆಕ್ಕಾಚಾರ. ಆ ಬೇಸಿಗೆ ಪೂರ್ತಿ ಮಳೆ. ಮರುವರ್ಷದ ಬೇಸಿಗೆಯಲ್ಲಿ ಬಿಸಿಲೇನೋ ಬಂತು, ವ್ಯಾನಿನ ಫ್ರೀಜರು ಕೈಕೊಟ್ಟಿತು. ಒಂದು ಭಾನುವಾರ ಮಧ್ಯಾಹ್ನ ಅಷ್ಟೂ ಸರಕು ಕರಗಿ ಹಿಂಬಾಗಿಲಿನಿಂದ ರಸ್ತೆಗೆ ಹರಿಯಿತು. ಹೊಸ ಫ್ರೀಜರಿಗೆ ಸಾಲ, ಆ ಸಾಲದ ಬಡ್ಡಿಗೆ ಕಾರ್ಡು, ಕಾರ್ಡಿನ ಬಾಕಿಗೆ ಇನ್ನೊಂದು ಕಾರ್ಡು.

ಹೀಗೆ ಕೂಡಿದ ನಾಲ್ಕು ಸಾಲವನ್ನೂ ಲಿನೆಟ್ ಸಹಿಸಿಕೊಂಡಿದ್ದಳು. ಸಹಿಸದೆ ಹೋದದ್ದು ಐದನೆಯದನ್ನು. ಅದನ್ನು ಅವನು ಅವಳಿಗೆ ಹೇಳದೆ ತೆಗೆದುಕೊಂಡಿದ್ದ, ಕಾಗದಪತ್ರವೆಲ್ಲ ತನ್ನ ಅಣ್ಣನ ಮನೆಗೆ ಬರುವಂತೆ ಮಾಡಿಕೊಂಡಿದ್ದ. ಯಾರದೋ ಮಗುವಿನ ನಾಮಕರಣದ ದಿನ ಚರ್ಚಿನ ಅಂಗಳದಲ್ಲಿ ಅಣ್ಣನ ಹೆಂಡತಿ ಬಾಯಿತಪ್ಪಿ ಆಡಿದ ಒಂದು ಮಾತಿನಿಂದ ಅದು ಹೊರಬಿತ್ತು. ಲಿನೆಟ್ ಆ ದಿನ ಕೂಗಾಡಲಿಲ್ಲ. ಮನೆಗೆ ಬಂದು ಸಲಹಾ ಸಂಸ್ಥೆಗೆ ಫೋನು ಮಾಡಿದಳು. ಐದೂ ಸಾಲ ಒಟ್ಟುಗೂಡಿಸಿ, ಬಡ್ಡಿ ನಿಲ್ಲಿಸಿ, ತಿಂಗಳಿಗೆ ಇಷ್ಟು ಅಂತ ಕಟ್ಟುವ ವ್ಯವಸ್ಥೆ ಆಯಿತು. ಅದಾದ ಮೂರು ತಿಂಗಳಿಗೆ ಅವಳು ಪೆಟ್ಟಿಗೆ ಕಟ್ಟಿಕೊಂಡು ತಾಯಿ ಎನಿಡ್‌ಳ ಮನೆಗೆ ಹೋದಳು.

ಸಂಸಾರ ಎರಡಾದರೂ ಸಾಲ ಒಂದೇ ಆಗಿ ಉಳಿಯಿತು. ಇಬ್ಬರ ಪಾಲನ್ನೂ ಬೇರೆ ಬೇರೆ ಬಿಡಿಸಿಕೊಡೋಣವೇ ಎಂದು ಸಂಸ್ಥೆಯವರು ಕೇಳಿದಾಗ ಬೇಡ ಎಂದವಳು ಅವಳೇ. ಬಿಡಿಸಿದರೆ ಅವನು ಕಟ್ಟುವುದಿಲ್ಲ ಎಂಬ ಅನುಮಾನ.

"ತಿಂಗಳ ಮೊದಲ ಶನಿವಾರ ನಿನ್ನ ಪಾಲು ನನ್ನ ಕೈಗೆ ತಂದುಕೊಡಬೇಕು," ಎಂದಿದ್ದಳು ರಸೆಲ್‌ಗೆ. "ಬ್ಯಾಂಕಿಗೆ ಹಾಕಿದೀನಿ, ನಾಳೆ ಬರುತ್ತೆ, ನಾಡಿದ್ದು ಬರುತ್ತೆ, ಆ ಕತೆಯೆಲ್ಲ ನನ್ನ ಹತ್ರ ಬೇಡ. ನಿನ್ನ ಮುಖ ನೋಡಿಯೇ ಇಸ್ಕೋತೀನಿ."

ಹಾಗೆ ಶುರುವಾದದ್ದು ಶನಿವಾರ. ಮೊದಲ ವರ್ಷ ಮಾರ್ಕೆಟ್ಟಿನ ಬಾಗಿಲಲ್ಲೇ ಕೊಡುವುದು, ಇಸಿದುಕೊಳ್ಳುವುದು, ಅವರವರ ದಾರಿ ಹಿಡಿಯುವುದು. ಎರಡನೆಯ ಚಳಿಗಾಲ ಒಂದು ದಿನ ಕಡಲಿಂದ ಬೀಸುವ ಗಾಳಿಗೆ ನಿಲ್ಲಲಾಗದೆ ಒಳಗಿನ ಪುಟ್ಟ ಟೀ ಅಂಗಡಿಗೆ ಹೊಕ್ಕರು. ಸುಮ್ಮನೆ ಕೂರಲಾದೀತೇ? ಇಬ್ಬರಿಗೂ ಸೇರಿ ಒಂದು ಕೆಟಲ್ ಟೀ ಹೇಳಿದರು. ಮುಂದಿನ ತಿಂಗಳು ಅದರ ಜೊತೆಗೆ ಒಣದ್ರಾಕ್ಷಿಯ ಬನ್ನಿನಂಥ ಒಂದು ಟೀಕೇಕು, ಬೆಣ್ಣೆ ಸವರಿ, ಇಬ್ಬರಿಗೂ ಅರ್ಧರ್ಧ ಕೊಯ್ದು. ರಸೆಲ್‌ಗೆ ಅಷ್ಟರಲ್ಲಿ ಪುರಸಭೆಯ ಕಸದ ಲಾರಿಯಲ್ಲಿ ಕೆಲಸ ಸಿಕ್ಕಿತ್ತು. ಯಾವ ಬೀದಿಯಲ್ಲಿ ಯಾವ ನಾಯಿ ಕಾಲಿಗೆ ಬಾಯಿ ಹಾಕುತ್ತದೆ, ಯಾವ ಮನೆಯವರು ಬಾಟಲಿಗಳನ್ನು ಪಕ್ಕದ ಮನೆಯ ಡಬ್ಬಿಗೆ ಹಾಕಿ ಮಾನ ಉಳಿಸಿಕೊಳ್ಳುತ್ತಾರೆ, ಎಲ್ಲ ಹೇಳುತ್ತಿದ್ದ. ಅವಳು ಶಾಲೆಯ ಸುದ್ದಿ ಹೇಳುತ್ತಿದ್ದಳು. ನಡುವೆ ಒಂದು ವರ್ಷ ಅವನು ಕ್ಷೌರದಂಗಡಿಯ ಹೆಂಗಸೊಬ್ಬಳ ಜೊತೆ ಓಡಾಡಿದ; ಅವಳ ಹುಟ್ಟುಹಬ್ಬಕ್ಕೆ ಏನು ಕೊಡಲಿ ಎಂದು ಲಿನೆಟ್‌ಳನ್ನೇ ಕೇಳಿದ. ಲಿನೆಟ್ ಒಂದು ಒಳ್ಳೆಯ ಛತ್ರಿ ಆರಿಸಿಕೊಟ್ಟಳು. ಛತ್ರಿ ಪಡೆದವಳು ಅದೇ ತಿಂಗಳು ಅವನನ್ನು ಬಿಟ್ಟುಹೋದಳು. ಅದನ್ನು ಹೇಳಿಕೊಂಡು ಇಬ್ಬರೂ ಟೀ ಅಂಗಡಿಯವರು ತಿರುಗಿ ನೋಡುವಷ್ಟು ನಕ್ಕಿದ್ದರು.

ಸಾಲ ಮುಗಿದರೆ ಶನಿವಾರ ಯಾತಕ್ಕೆ?

ಸೋಮವಾರ ಮಧ್ಯಾಹ್ನ ಪಾತ್ರೆಗಳ ನಡುವೆ ನಿಂತಾಗ ಲಿನೆಟ್‌ಳ ತಲೆಗೆ ಬಂದದ್ದು ಆ ಪ್ರಶ್ನೆ. ಬಂದದ್ದಕ್ಕೆ ಅವಳಿಗೇ ಸಿಟ್ಟು ಬಂತು.

ಮನೆಯಲ್ಲಿ ಎನಿಡ್‌ಗೆ ವಿಷಯ ಹೇಳದೆ ಇರಬಹುದಿತ್ತು. ಆದರೆ ಎಂಬತ್ತನಾಲ್ಕರ ಆ ಮುದುಕಿಗೆ ಕಿವಿ ಮಂದವಾದರೂ ಮಗಳ ಮುಖ ಓದುವುದರಲ್ಲಿ ಏನೂ ಮಂದವಿರಲಿಲ್ಲ. ಮಂಗಳವಾರ ರಾತ್ರಿಯ ಊಟಕ್ಕೆ ಸಾಸೇಜು, ಹಿಸುಕಿದ ಆಲೂಗಡ್ಡೆ ಬಡಿಸುವಾಗ ಲಿನೆಟ್ ಬಾಯಿಬಿಟ್ಟಳು.

"ಅರ್ಧ ಬಿಡ್ತಾರಂತಾ?" ಎನಿಡ್ ಫೋರ್ಕು ಕೆಳಗಿಟ್ಟಳು. "ಮತ್ತೆ ಇನ್ನೂ ಕಟ್ಟಿಲ್ಲ ಯಾಕೆ?"

"ರಸೆಲ್ ಒಪ್ಪಬೇಕು."

"ಒಪ್ಪದೆ ಏನ್ಮಾಡ್ತಾನೆ ಆ ಮಹಾನುಭಾವ? ಫೋನ್ ಮಾಡು."

"ಮಾಡ್ತೀನಿ. ಆದ್ರೆ ಅಮ್ಮ, ದಾಖಲೆಯಲ್ಲಿ ಭಾಗಶಃ ಅಂತ ಉಳಿಯುತ್ತಂತೆ. ಇಷ್ಟು ವರ್ಷ ಕಟ್ಟಿ ಕೊನೆಗೆ ಅರೆಬರೆ ಅನ್ನಿಸಿಕೊಳ್ಳೋದು ಯಾಕೆ? ಮೂರೇ ಕಂತು. ಪೂರ್ತಿ ಕಟ್ಟಿಯೇ ಬಿಡೋಣ ಅಂತ."

ಎನಿಡ್ ಫೋರ್ಕು ಎತ್ತಿಕೊಂಡು ಸಾಸೇಜು ಚುಚ್ಚಿದಳು.

"ಮರ್ಯಾದೆ ಮಾತು ನನ್ನ ಹತ್ರ ಆಡಬೇಡ ಕಣೆ. ಹೋದ ವಾರ ಕಾರ್ನ್‌ಫ್ಲೇಕ್ಸ್‌ನಲ್ಲಿ ಹದಿನೈದು ಪೆನ್ನಿ ಉಳಿಯುತ್ತೆ ಅಂತ ಮೂರು ಅಂಗಡಿ ಸುತ್ತಿ ಬಂದೋಳು ನೀನು. ಇವತ್ತು ಅರ್ಧಕ್ಕರ್ಧ ಬಿಡ್ತೀವಿ ಅಂದ್ರೆ ಬೇಡ ಅಂತೀಯ. ಆ ಮನುಷ್ಯನ ಎದುರಿಗೆ ಕೂತು ಇನ್ನು ಮೂರು ಸಲ ಟೀ ಕುಡಿಯೋಕೆ ಅಷ್ಟೊಂದು ದುಡ್ಡು ಸುರೀತೀಯಾ?"

"ಅದೆಲ್ಲ ಏನಿಲ್ಲ."

"ಏನಿಲ್ಲದಿದ್ರೆ ಕಿವಿ ಯಾಕೆ ಕೆಂಪಾಯ್ತು?"

ಲಿನೆಟ್ ಎದ್ದು ಪಾತ್ರೆ ತೊಳೆಯಲು ಹೋದಳು, ಅರ್ಧ ಊಟ ಬಿಟ್ಟು. ಎನಿಡ್ ಆ ಅರ್ಧವನ್ನೂ ತನ್ನ ತಟ್ಟೆಗೆ ಎಳೆದುಕೊಂಡಳು.

ಬುಧವಾರ ಹೋಯಿತು. ಗುರುವಾರ ಹೋಯಿತು. ಎರಡು ದಿನವೂ ಲಿನೆಟ್ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು: ಹೇಗೂ ಶನಿವಾರ ಸಿಗುತ್ತಾನೆ, ಆಗ ಹೇಳಿದರಾಯಿತು. ಶನಿವಾರದ ಹೊತ್ತಿಗೆ ಗಡುವು ಮುಗಿದಿರುತ್ತದಲ್ಲ ಎಂದು ಮನಸ್ಸು ಕೇಳಿದಾಗ, ಅದಕ್ಕೆ ತಾನೇನು ಮಾಡಲಿ, ತನಗೂ ನೂರೆಂಟು ಕೆಲಸ ಎಂದು ಅದರ ಬಾಯಿ ಮುಚ್ಚಿಸಿದಳು.

ಶುಕ್ರವಾರ ಶಾಲೆಯಲ್ಲಿ ಮೀನು, ಆಲೂಗಡ್ಡೆ ಚಿಪ್ಸು. ಎಲ್ಲ ಶುಕ್ರವಾರದಂತೆ ಮಕ್ಕಳ ಸಾಲು ಬಾಗಿಲಾಚೆಗೂ ಇತ್ತು. ಎಣ್ಣೆಯ ಮುಂದೆ ನಿಂತು ಮೀನು ತಿರುವಿ ಹಾಕುತ್ತಿದ್ದ ಲಿನೆಟ್‌ಗೆ ಯಾವ ಕಾರಣವೂ ಇಲ್ಲದೆ ನಾಮಕರಣದ ದಿನದ ಚರ್ಚಿನ ಅಂಗಳ ನೆನಪಾಯಿತು. ಅಣ್ಣನ ಹೆಂಡತಿ ತಟ್ಟನೆ ಬಾಯಿ ಮುಚ್ಚಿಕೊಂಡದ್ದು, ರಸೆಲ್ ನೆಲ ನೋಡುತ್ತ ನಿಂತದ್ದು. 'ಹೇಳೋಣ ಅಂತಲೇ ಇದ್ದೆ, ಹೊತ್ತು ಕೂಡಿಬರಲಿಲ್ಲ' ಎಂದಿದ್ದ ಅವನು. ಆ ಮಾತಿಗೆ ಅವಳು ಇಪ್ಪತ್ತು ವರ್ಷದ ಸಂಸಾರ ಮುರಿದುಕೊಂಡು ಎದ್ದು ಬಂದಿದ್ದಳು. ಈಗ ಅವನ ಹೆಸರಿನ ಕಾರ್ಡಿನ ಮಾತನ್ನು ಅವನಿಂದಲೇ ಮುಚ್ಚಿಟ್ಟುಕೊಂಡು ಸೋಮವಾರದಿಂದ ಹೊತ್ತು ಕೂಡಿಬರಲಿ ಎಂದು ಕಾಯುತ್ತಿರುವವಳು ಯಾರು?

ಒಂದು ಬಾಣಲೆ ಮೀನು ಕಂದು ಬಣ್ಣ ದಾಟಿ ಕಪ್ಪಾಯಿತು.

ಕೊನೆಯ ಮಗು ಊಟ ಮುಗಿಸಿದ್ದೇ ತಡ, ಅವನಿಗೆ ಫೋನು ಮಾಡಿದಳು. ಬಂದ್ ಆಗಿತ್ತು. ಕೆಲಸದ ಹೊತ್ತಿನಲ್ಲಿ ಅವನ ಫೋನು ಡಿಪೋದ ಕಪಾಟಿನಲ್ಲಿರುತ್ತದೆ. ಶುಕ್ರವಾರವಾದರೆ ಡಿಪೋದಿಂದ ಸೀದಾ ಕಡಲಿಗೆ ಚಾಚಿದ ಜೆಟ್ಟಿಗೆ ಮೀನು ಹಿಡಿಯಲು ಹೋಗುತ್ತಾನೆ, ಕತ್ತಲಾಗುವ ತನಕ ಜಗತ್ತೇ ಬೇಡ. ಅದೂ ಅವಳಿಗೆ ಗೊತ್ತಿತ್ತು. ಗಂಡನಾಗಿದ್ದಾಗ ಅವನು ಯಾವ ಹೊತ್ತಿನಲ್ಲಿ ಎಲ್ಲಿರುತ್ತಾನೆಂದು ತಿಳಿಯದೆ ಎಷ್ಟೋ ಸಲ ಪೇಚಾಡಿದ್ದಳು. ಗಂಡನಲ್ಲದ ಮೇಲೆ ಅವನ ವಾರವೆಲ್ಲ ಬಾಯಿಪಾಠವಾಗಿತ್ತು. ಶುಕ್ರವಾರ ಮಧ್ಯಾಹ್ನ ಪಶ್ಚಿಮ ಭಾಗದ ಬೀದಿಗಳು, ಹಳೆಯ ಬೋರ್ಡಿಂಗ್ ಮನೆಗಳ ಸಾಲು, ಹಸಿರು ಬಾಗಿಲ ಮನೆಯ ಕುಂಟ ಟೆರಿಯರ್ ನಾಯಿ.

"ನಾನು ಸ್ವಲ್ಪ ಬೇಗ ಹೋಗ್ತೀನಿ," ಎಂದು ಜೊತೆಯವಳಿಗೆ ಹೇಳಿ, ಏಪ್ರನ್ನು ಬಿಚ್ಚುವುದನ್ನೂ ಮರೆತು, ಬಸ್ಸು ಹತ್ತಿದಳು.

ಇಳಿದ ಬೀದಿಯಲ್ಲಿ ಲಾರಿ ಇರಲಿಲ್ಲ. ಡಬ್ಬಿಗಳೆಲ್ಲ ಖಾಲಿಯಾಗಿ ಅಡ್ಡಾದಿಡ್ಡಿ ನಿಂತಿದ್ದವು. ಹಾಗಾದರೆ ಆಗಲೇ ಬಂದು ಹೋಗಿದ್ದಾರೆ. ಮುಂದಿನ ಬೀದಿಯೂ ಖಾಲಿ. ಮೂರನೆಯ ಬೀದಿಯಲ್ಲಿ ಒಂದು ಬದಿ ಖಾಲಿ, ಇನ್ನೊಂದು ಬದಿ ಮುಚ್ಚಳ ಮುಚ್ಚಿದ ತುಂಬಿದ ಡಬ್ಬಿಗಳು. ಲಿನೆಟ್ ಹೆಜ್ಜೆ ಚುರುಕು ಮಾಡಿದಳು. ಅಡುಗೆಮನೆಯ ರಬ್ಬರ್ ಚಪ್ಪಲಿ ಓಡುವುದಕ್ಕೆ ಮಾಡಿದ್ದಲ್ಲ. ಮೂಲೆ ತಿರುಗಿದಾಗ ಆ ತುದಿಯಲ್ಲಿ ಲಾರಿಯ ಹಳದಿ ದೀಪ ಮಿನುಗುತ್ತಿತ್ತು, ಅದರ ಹಿಂದೆ ಎರಡೂ ಕೈಯಲ್ಲಿ ಒಂದೊಂದು ಡಬ್ಬಿ ಎಳೆದುಕೊಂಡು ರಸೆಲ್.

ಅವಳು ಕೂಗಿದಳು. ಲಾರಿಯ ಗರಗರ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. ಮೇಲೆ ಚಾಲಕಿಯ ಸೀಟಿನಲ್ಲಿದ್ದ ಮಾರ್ಸಿಯಾಗೂ ಕೇಳಿಸಲಿಲ್ಲ, ಆದರೆ ಕಂಡಿತು. ಪಕ್ಕದ ಕನ್ನಡಿಯಲ್ಲಿ ಬಿಳಿ ಏಪ್ರನ್ನು, ತಲೆಗೆ ಬಲೆಟೋಪಿ ಹಾಕಿಕೊಂಡ ಹೆಂಗಸೊಬ್ಬಳು ಏದುಸಿರು ಬಿಡುತ್ತ ಓಡಿ ಬರುವುದು ನೋಡಿ ಮಾರ್ಸಿಯಾ ಬ್ರೇಕು ಹಾಕಿದಳು.

"ರಸೆಲ್, ಯಾರೋ ನಿನ್ನನ್ನ ಅಟ್ಟಿಸಿಕೊಂಡು ಬರ್ತಿದಾರೆ ನೋಡು," ಎಂದಳು ಕಿಟಕಿಯಿಂದ ತಲೆ ಹಾಕಿ. "ಊಟದ ದುಡ್ಡು ಕೊಡದೆ ಬಂದ್ಯಾ ಎಲ್ಲಿಂದಾದ್ರೂ?"

ರಸೆಲ್ ತಿರುಗಿದ. ಡಬ್ಬಿ ಕೈಬಿಟ್ಟ.

"ಲಿನೆಟ್? ನೀನೇನು ಇಲ್ಲಿ? ನಿಮ್ಮಮ್ಮಂಗೆ ಏನಾದ್ರೂ ಆಯ್ತಾ?"

"ಅವಳಿಗೇನಾಗುತ್ತೆ. ನಮ್ಮಿಬ್ಬರನ್ನೂ ಮಣ್ಣು ಮಾಡಿ ಬಂದು ಟೀ ಕುಡೀತಾಳೆ." ಲಿನೆಟ್ ಒಂದು ಡಬ್ಬಿಯ ಮೇಲೆ ಕೈಯೂರಿ ನಿಂತಳು. "ತಡಿ, ಉಸಿರು ತಗೋತೀನಿ."

ಉಸಿರು ತೆಗೆದುಕೊಂಡಳು. ಹೇಳಿದಳು. ಅರ್ಧ ಬಿಡುವ ವಿಷಯ, ಐದು ಗಂಟೆಯ ವಿಷಯ, ಭಾಗಶಃ ಎಂದು ಬರೆಯುವ ವಿಷಯ. ಕೊನೆಗೆ ಎಲ್ಲಕ್ಕಿಂತ ಕಷ್ಟದ್ದು.

"ನಂಗೆ ಸೋಮವಾರವೇ ಗೊತ್ತಿತ್ತು ಕಣೋ. ನಿಂಗೆ ಹೇಳಲಿಲ್ಲ."

"ಯಾಕೆ?"

"ಯಾಕೆ ಅಂತ ಆಮೇಲೆ ಕೇಳು. ಈಗ ಫೋನ್ ಹಿಡಿ."

ಅವಳೇ ನಂಬರು ಒತ್ತಿ, ಸ್ಪೀಕರಿಗೆ ಹಾಕಿ, ಅವನ ಮುಖದ ಮುಂದೆ ಹಿಡಿದಳು; ಅವನ ಕೈಗವಸು ಮುಟ್ಟುವ ಹಾಗಿರಲಿಲ್ಲ. ಆ ಕಡೆಯಿಂದ ಸೋಮವಾರದ ಅದೇ ಹುಡುಗಿ ಬಂದಳು. ಅವನ ಹುಟ್ಟಿದ ದಿನ ಕೇಳಿದಳು, ವಿಳಾಸ ಕೇಳಿದಳು. ಲಾರಿಯ ಸದ್ದಿಗೆ ಏನೂ ಕೇಳಿಸುತ್ತಿಲ್ಲ ಎಂದಳು. ಮಾರ್ಸಿಯಾ ಇಂಜಿನ್ನನ್ನೇ ನಿಲ್ಲಿಸಿದಳು. ಹಿಂದೆ ಬಂದು ಸಿಕ್ಕಿಕೊಂಡ ಕಾರಿನವನೊಬ್ಬ ಹಾರ್ನ್ ಹೊಡೆದ.

"ಸುಮ್ನಿರಯ್ಯ, ಇಲ್ಲಿ ಸಾಲ ತೀರಿಸ್ತಿದಾರೆ," ಎಂದು ಮಾರ್ಸಿಯಾ ಮೇಲಿನಿಂದ ಹೇಳಿದಳು. ಏನೆನ್ನಿಸಿತೋ, ಕಾರಿನವನು ಸುಮ್ಮನಾದ.

"ದಾಖಲೆಯಲ್ಲಿ ಇದು ಭಾಗಶಃ ತೀರಿದ ಸಾಲ ಅಂತ ಉಳಿಯುತ್ತೆ ಸರ್," ಎಂದಳು ಹುಡುಗಿ, ಓದಿ ಹೇಳುವವಳ ಹಾಗೆ. "ಮುಂದೆ ನೀವು ಸಾಲ ಕೇಳೋಕೆ ಹೋದಾಗ ಅದನ್ನ ನೋಡ್ತಾರೆ. ಇದು ನಿಮಗೆ ಒಪ್ಪಿಗೇನಾ?"

"ಅಮ್ಮಾ, ಇನ್ನು ಮುಂದೆ ನಮಗೆ ಯಾರಾದ್ರೂ ಸಾಲ ಕೊಡೋಕೆ ಬಂದ್ರೆ ಅವರ ತಲೆ ಸರಿಯಿಲ್ಲ ಅಂತ ಅರ್ಥ. ಭಾಗಶಃ ಅಂತಾದ್ರೂ ಬರ್ಕೊಳ್ಳಿ, ಬೋಳುತಲೆ ಅಂತಾದ್ರೂ ಬರ್ಕೊಳ್ಳಿ. ನಂಗೊಪ್ಪಿಗೆ."

ಹುಡುಗಿ ನಗು ತಡೆದುಕೊಂಡದ್ದು ಸ್ಪೀಕರಿನಲ್ಲಿ ಕೇಳಿಸಿತು. ಲಿನೆಟ್ ಕಷ್ಟಕಾಲಕ್ಕೆಂದು ಕೂಡಿಟ್ಟಿದ್ದ ಖಾತೆಯ ಕಾರ್ಡು ತೆಗೆದು ನಂಬರು ಹೇಳಿದಳು. ಒಂದು ಕ್ಷಣ ಆ ಕಡೆಯಿಂದ ಕೀಲಿಮಣೆಯ ಟಪಟಪ ಮಾತ್ರ. ಹಸಿರು ಬಾಗಿಲ ಮನೆಯ ಕುಂಟ ಟೆರಿಯರ್ ಬಂದು ರಸೆಲ್‌ನ ಬೂಟು ಮೂಸಿ ಹೋಯಿತು.

"ಆಯ್ತು ಮೇಡಂ. ಆಯ್ತು ಸರ್. ನಿಮ್ಮಿಬ್ಬರದೂ ಮುಗೀತು. ಕೊಡೋದು ಏನೂ ಉಳಿದಿಲ್ಲ. ನಿಜ ಹೇಳ್ತೀನಿ, ಈ ಮಾತು ಹೇಳೋ ಅವಕಾಶ ನಮಗೆ ದಿನಾ ಸಿಗಲ್ಲ."

ಲಿನೆಟ್ ಫೋನು ಏಪ್ರನ್ನಿನ ಜೇಬಿಗೆ ಹಾಕಿದಳು. ಇಂಥ ಹೊತ್ತಿನಲ್ಲಿ ಏನೋ ಒಂದು ದೊಡ್ಡದಾಗಿ ಆಗಬೇಕು ಎಂದು ಲಿನೆಟ್ ಅಂದುಕೊಂಡಿದ್ದಳು. ಆದದ್ದು ಇಷ್ಟೆ: ಹೆಗಲು ಸಡಿಲವಾಯಿತು, ಹಸಿವಾಯಿತು. ಬೆಳಗ್ಗೆಯಿಂದ ಏನೂ ತಿಂದಿಲ್ಲ ಎನ್ನುವುದು ಆಗ ಗೊತ್ತಾಯಿತು.

"ನನ್ನ ಅರ್ಧ ನಾಳೆ ತಂದುಕೊಡ್ತೀನಿ," ಎಂದ ರಸೆಲ್.

"ಕೊಡು."

"ಈಗ ಹೇಳು. ಸೋಮವಾರದಿಂದ ಯಾಕೆ ಹೇಳಲಿಲ್ಲ?"

ಲಿನೆಟ್ ಬಲೆಟೋಪಿ ಕಿತ್ತು ಕೈಯಲ್ಲಿ ಮುದ್ದೆ ಮಾಡಿದಳು. "ಮುಗಿದುಹೋಗುತ್ತಲ್ಲ ಅಂತ."

"ಸಾಲಾನಾ?"

"ಸಾಲ ಅಲ್ಲ ಕಣೋ ಪೆದ್ದ. ಶನಿವಾರ."

ರಸೆಲ್‌ಗೆ ಯಾವ ಮಾತೂ ಬೇಗ ಇಳಿಯುತ್ತಿರಲಿಲ್ಲ; ಮೊದಲಿನಿಂದಲೂ ಹಾಗೇ. ಇದು ಇಳಿಯಿತು. ಕಿವಿಯ ತುದಿಯಿಂದ ಶುರುವಾಗಿ ಬೋಳುತಲೆಯವರೆಗೂ ಕೆಂಪಾದ.

"ನಾನು ಆರು ವರ್ಷದಿಂದ ಇದು ಯಾವಾಗ ಮುಗಿಯುತ್ತೋ ಅಂತ ಕಾಯ್ತಿದೀನಿ," ಎಂದ.

ಅವಳ ಮುಖ ಬಿಗಿಯಾಯಿತು. "ನನ್ನಿಂದ ಬಿಡಿಸಿಕೊಳ್ಳೋಕಾ?"

"ಕೇಳು ಇಲ್ಲಿ. ಕೊಡಬೇಕಾದ್ದು ಇಟ್ಕೊಂಡು ನಿನ್ನ ಮುಂದೆ ಕೂತು, ಎಲ್ಲಾದ್ರೂ ಹೋಗೋಣ ಬರ್ತೀಯಾ ಅಂತ ಕೇಳೋದು ಹೇಗೆ? ನಿನ್ನನ್ನ ಈ ಹಳ್ಳಕ್ಕೆ ತಳ್ಳಿದೋನೇ ನಾನು. ಎಷ್ಟೋ ಸಲ ಕೇಳೋಣ ಅನ್ನಿಸ್ತು. ನೀನು ದುಡ್ಡು ಉಳಿಸೋಕೆ ಆ ಟೀಕೇಕನ್ನ ಎರಡು ಮಾಡ್ತಿದ್ದೆ, ಅದನ್ನ ನೋಡಿದ್ರೆ ಬಾಯೇ ಬರ್ತಿರಲಿಲ್ಲ. ಮೊದಲು ತೀರಲಿ, ಆಮೇಲೆ ಕೇಳ್ತೀನಿ ಅಂತ ಇದ್ದೆ."

"ಮತ್ತೆ ಆ ಛತ್ರಿಯವಳು?"

"ನನ್ನ ಮನಸ್ಸು ಎಲ್ಲಿದೆ ಅಂತ ಅವಳಿಗೂ ಗೊತ್ತಾಗಿತ್ತು ಅನ್ನು. 'ನಿನ್ನ ಹುಟ್ಟುಹಬ್ಬದ ಛತ್ರಿ ಲಿನೆಟ್ ಆರಿಸಿದ್ದು' ಅಂತ ಹೇಳಿಬಿಟ್ಟೆ."

ಲಿನೆಟ್‌ಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು, ಏಪ್ರನ್ನಿನ ಅಂಚಿನಿಂದ. ಅದರಲ್ಲಿ ಮೀನಿನ ವಾಸನೆ.

"ಈಗ ತೀರಿತಲ್ಲ, ಕೇಳಯ್ಯ ಮತ್ತೆ," ಎಂದಳು ಮಾರ್ಸಿಯಾ ಕಿಟಕಿಯ ಮೇಲೆ ಮೊಣಕೈ ಊರಿಕೊಂಡು. "ನಂಗಿನ್ನೂ ಎರಡು ಬೀದಿ ಇದೆ."

"ತೀರಿಲ್ಲ," ಎಂದ ರಸೆಲ್. "ಇವಳಿಗೆ ನನ್ನ ಅರ್ಧ ಕೊಡಬೇಕು. ನಾಳೆ ಕೊಟ್ಟಮೇಲೆ ಕೇಳ್ತೀನಿ."

ಮಾರ್ಸಿಯಾ ಆಕಾಶ ನೋಡಿ ಇಂಜಿನ್ ಶುರು ಮಾಡಿದಳು. ರಸೆಲ್ ಬಿದ್ದಿದ್ದ ಡಬ್ಬಿ ಎತ್ತಿಕೊಂಡು ಹೊರಟವನು ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದ. ಲಿನೆಟ್ ಅಲ್ಲೇ ನಿಂತಿದ್ದಳು.

ಮರುದಿನ ಅವನು ಅವಳಿಗಿಂತ ಮೊದಲೇ ಬಂದು ಟೀ ಅಂಗಡಿಯಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ. ಹಣ ಮುಂದಿಟ್ಟ, ಎಣಿಸಿಕೋ ಎಂದ. ಅವಳು ಎಣಿಸದೆ ಚೀಲಕ್ಕೆ ಹಾಕಿಕೊಂಡಳು. ಆರು ವರ್ಷದಲ್ಲಿ ಅದೇ ಮೊದಲ ಸಲ. ಅದನ್ನು ಅವನು ಗಮನಿಸಿದ. ಗಂಟಲು ಸರಿಮಾಡಿಕೊಂಡ.

"ಲಿನೆಟ್, ಮುಂದಿನ ಶನಿವಾರ ರೈಲು ಹತ್ತಿ ಕೊಲ್ಲಿಯ ಆಚೆ ಗ್ರೇಂಜ್‌ಗೆ ಹೋಗೋಣ ಅಂತಿದೀನಿ. ಬರ್ತೀಯಾ?"

"ಅಲ್ಲೇನಿದೆ?"

"ಏನೂ ಇಲ್ಲ. ಅದಕ್ಕೇ. ಇನ್ನೊಂದು ಮಾತು, ಇವರ ಟೀ ನಂಗೆ ಮೊದಲ ದಿನದಿಂದಲೂ ಹಿಡಿಸಿಲ್ಲ. ಪಾತ್ರೆ ತೊಳೆದ ನೀರಿನ ಹಾಗಿರುತ್ತೆ. ನಿಂಗಿಷ್ಟ ಅಂತ ಕುಡೀತಿದ್ದೆ."

"ನಂಗೆ ಯಾರು ಇಷ್ಟ ಅಂದ್ರು? ಅಗ್ಗ ಅಂತ ನಾನು ಕುಡೀತಿದ್ದೆ."

ಇಬ್ಬರೂ ಲೋಟಗಳನ್ನು ನೋಡಿದರು, ಪಕ್ಕಕ್ಕೆ ಸರಿಸಿದರು.

"ಒಂದು ಷರತ್ತು," ಎಂದಳು ಲಿನೆಟ್. "ಇನ್ನು ಮೇಲೆ ನೀನಾಗಲಿ ನಾನಾಗಲಿ, ಒಬ್ಬರಿಗೊಬ್ಬರು ಹೇಳಬೇಕಾದ್ದನ್ನ ಸೋಮವಾರದಿಂದ ಶುಕ್ರವಾರದ ತನಕ ಮುಚ್ಚಿಟ್ಕೋಬಾರದು. ನಾಲ್ಕು ದಿನದಲ್ಲಿ ನಂಗೆ ಅನ್ನ ನೀರು ಸೇರಲಿಲ್ಲ. ನೀನು ಆ ಐದನೇ ಸಾಲ ಮುಚ್ಚಿಟ್ಕೊಂಡು ಅಷ್ಟು ವರ್ಷ ಹೇಗಿದ್ಯೋ."

"ನಂಗೂ ಸೇರ್ತಿರಲಿಲ್ಲ," ಎಂದ ರಸೆಲ್, ಮೆಲ್ಲಗೆ. "ಆಗ ಇಪ್ಪತ್ತು ಪೌಂಡ್ ತೂಕ ಇಳಿದಿದ್ದೆ, ನೆನಪಿಲ್ವಾ? ಐಸ್‌ಕ್ರೀಂ ಮಾರೋ ಮನುಷ್ಯ."

ನೆನಪಿತ್ತು. ಆಗ ಅವಳು ಅದನ್ನು ಬೇರೆ ಯಾವುದೋ ಹೆಂಗಸಿನ ಲೆಕ್ಕಕ್ಕೆ ಬರೆದಿದ್ದಳು. ಅದನ್ನೂ ಆ ಹೊತ್ತೇ ಹೇಳಿಬಿಟ್ಟಳು.

ಗ್ರೇಂಜ್‌ಗೆ ಹೋದರು. ರೈಲು ಉಬ್ಬರ ಇಳಿದ ಮರಳಿನ ಅಂಚಿನಲ್ಲಿ ಸಾಗುವಾಗ ರಸೆಲ್ ಚೀಲದಿಂದ ಬೆಳ್ಳಿಹಾಳೆಯಲ್ಲಿ ಸುತ್ತಿದ ಪೊಟ್ಟಣ ತೆಗೆದ. ಅದೇ ಹೊತ್ತಿಗೆ ಲಿನೆಟ್ ಕೂಡ ತನ್ನದನ್ನು ತೆಗೆದಳು. ಎರಡರಲ್ಲೂ ಎರಡೆರಡು ಚೀಸು, ಉಪ್ಪಿನಕಾಯಿ ಸ್ಯಾಂಡ್‌ವಿಚ್ಚು. ಹೋಟೆಲಿನಲ್ಲಿ ಊಟ ಮಾಡೋಣ ಎಂದು ಹೊರಟವರು ಇಬ್ಬರೂ; ಕೈ ಮಾತ್ರ ಬೆಳಗ್ಗೆ ಎದ್ದು ತನ್ನಷ್ಟಕ್ಕೆ ಬ್ರೆಡ್ಡಿಗೆ ಬೆಣ್ಣೆ ಸವರಿತ್ತು. ಗ್ರೇಂಜ್‌ನ ಬಾತುಕೋಳಿ ಕೊಳದ ಮುಂದೆ ಬೆಂಚಿನ ಮೇಲೆ ಕೂತು ನಾಲ್ಕನ್ನೂ ತಿಂದರು. ಆಮೇಲೆ ಹಟ ಹಿಡಿದವರಂತೆ ಒಂದು ಹೋಟೆಲಿಗೂ ಹೋಗಿ, ಬೆಲೆಯ ಕಡೆ ನೋಡದೆ ಸೂಪು ಹೇಳಿದರು. ಲಿನೆಟ್ ಒಂದು ಸಲ ನೋಡಿದಳು. ರಸೆಲ್ ಬೆಲೆಪಟ್ಟಿಯ ಕಾರ್ಡು ಮಡಚಿ ತನ್ನ ತೊಡೆಯ ಕೆಳಗಿಟ್ಟುಕೊಂಡ.

ಮದುವೆ ಗಿದುವೆ ಎಂದು ಇಬ್ಬರೂ ಬಾಯಿಬಿಡಲಿಲ್ಲ. ಅವಸರವೂ ಇರಲಿಲ್ಲ. ಆ ಚಳಿಗಾಲ ರಸೆಲ್ ಒಂದು ಭಾನುವಾರ ಎನಿಡ್‌ಳ ಮನೆಗೆ ಊಟಕ್ಕೆ ಬಂದ. ಬಾಗಿಲಲ್ಲಿ ಹೂಗುಚ್ಛ ಹಿಡಿದು ನಿಂತವನನ್ನು ಮುದುಕಿ ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಈ ಹೂವು ನಗದು ಕೊಟ್ಟು ತಂದಿದ್ದಾ, ಸಾಲದ್ದಾ?"

"ನಗದು, ಎನಿಡ್."

"ರಸೀದಿ?"

ರಸೆಲ್ ಕೋಟಿನ ಜೇಬಿಗೆ ಕೈಹಾಕಿ ರಸೀದಿ ತೆಗೆದುಕೊಟ್ಟ. ಎನಿಡ್ ಕನ್ನಡಕ ಏರಿಸಿ ಅದನ್ನು ಓದಿದಳು.

"ಬಹಳ ಕೊಟ್ಟಿದೀಯ," ಎಂದಳು. "ಒಳಗೆ ಬಾ, ಮಾಂಸ ಆರಿಹೋಗುತ್ತೆ. ನೀನೇ ಕೊಯ್ದು ಬಡಿಸು, ಇವಳು ಕೊಯ್ದರೆ ಹಾಳೆಯಷ್ಟು ತೆಳ್ಳಗೆ ಕೊಯ್ತಾಳೆ."